ತ್ರಿಶೂಲ ಹಿಡಿದ ಹೆಣ್ಣಿನ ನಾಣ್ಯ

“ಅತ್ತೆಯವರ ಪೆಟ್ಟಿಗೆಯಲ್ಲಿ ದೊಡ್ಡದೊಂದು ಬೆಳ್ಳಿ ನಾಣ್ಯ ಸಿಕ್ಕಿದೆ. ಒಂದು ಕಡೆ ತ್ರಿಶೂಲ ಹಿಡಿದು ನಿಂತ ಹೆಣ್ಣು, ಇನ್ನೊಂದು ಕಡೆ ಚೀನೀ ಬರಹ. ಮೇಲೆಲ್ಲ ಚಿಕ್ಕ ಚಿಕ್ಕ ಮುದ್ರೆ ಬಡಿದ ಗುರುತು. ಅಕ್ಕಸಾಲಿ, ಕರಗಿಸಿ ಕಾಲ್ಗೆಜ್ಜೆ ಮಾಡಿಕೊಡ್ತೀನಿ ಅಂತಾನೆ. ಯಾವ ದೇವಿ ಇವಳು?” ಎಂದು ಸೋದರಿಯೊಬ್ಬರು ಬರೆದು ಕೇಳಿದ್ದಾರೆ.

ಸ್ವಲ್ಪ ತಡೆಯಿರಿ ತಾಯಿ, ಕುಲುಮೆಗೆ ಹಾಕಿಸಬೇಡಿ! ಇವಳು ದುರ್ಗೆಯಲ್ಲ, ಬ್ರಿಟಾನಿಯಾ. ಇಂಗ್ಲಿಷರು ತಮ್ಮ ನಾಡನ್ನೇ ಹೆಣ್ಣಾಗಿ ಚಿತ್ರಿಸಿಕೊಂಡ ರೂಪ. ನೀವು ಹೇಳಿದ ಗುರುತು ನೋಡಿದರೆ ಇದು ಚೀನಾದ ವ್ಯಾಪಾರಕ್ಕೆಂದೇ ಮಾಡಿದ ಡಾಲರು. ಆದರೆ ಇಂಥವು ಹೆಚ್ಚಾಗಿ ಹುಟ್ಟಿದ್ದು ನಮ್ಮ ಮುಂಬಯಿ ಟಂಕಸಾಲೆಯಲ್ಲಿ.

ಚೀನೀ ವರ್ತಕರು ಬೆಳ್ಳಿಯನ್ನು ತೂಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ತೆಗೆದುಕೊಳ್ಳುವವರು. ಮೊದಲು ಸ್ಪೇನಿನ ಡಾಲರು, ಆಮೇಲೆ ಹದ್ದಿನ ಚಿತ್ರದ ಮೆಕ್ಸಿಕೋ ಡಾಲರು ಅವರಿಗೆ ಒಗ್ಗಿಹೋಗಿತ್ತು. ಇಂಗ್ಲಿಷರು 1866ರಲ್ಲಿ ಹಾಂಗ್‌ಕಾಂಗಿನಲ್ಲೇ ಟಂಕಸಾಲೆ ತೆರೆದು, ವಿಕ್ಟೋರಿಯಾ ರಾಣಿಯ ತಲೆ ಒತ್ತಿ ಹೊಸ ಡಾಲರು ತಂದರು. ಬೆಳ್ಳಿ ಮೆಕ್ಸಿಕೋದ್ದಕ್ಕಿಂತ ಕೂದಲೆಳೆಯಷ್ಟು ಕಮ್ಮಿ, ಮುಖವೂ ಹೊಸದು. ನಾವು ವರ್ಷಗಟ್ಟಲೆ ಹಾಲು ಹಾಕುವವಳನ್ನು ಬಿಟ್ಟು ಇನ್ನೊಬ್ಬಳನ್ನು ನಂಬ್ತೀವಾ? ಅವರೂ ಹಾಗೇ, ವಟ್ಟ ಹಿಡಿಯದೆ ಮುಟ್ಟಲಿಲ್ಲ. ರಾಣಿಯ ಮುಖಕ್ಕೂ ಮರ್ಯಾದೆ ಸಿಗಲಿಲ್ಲ ನೋಡಿ! 1868ರಲ್ಲಿ ಟಂಕಸಾಲೆಗೆ ಬೀಗ ಬಿತ್ತು. ಯಂತ್ರಗಳು ಜಪಾನಿನ ಒಸಾಕಾ ಸೇರಿ 1871ರಿಂದ ಅಲ್ಲಿ ನಾಣ್ಯ ಒತ್ತಿದವು. ಕಟ್ಟಡ ಸಕ್ಕರೆ ಕಾರ್ಖಾನೆಯಾಯಿತು. ಅಲ್ಲಿನ ಬೀದಿಗೆ ಈಗಲೂ ಸಕ್ಕರೆ ಬೀದಿ ಅಂತಲೇ ಹೆಸರು.

ಮತ್ತೆ ಕೈಹಾಕಿದ್ದು 1895ರಲ್ಲಿ. ಈ ಸಲ ರಾಣಿಯ ತಲೆ ಇಲ್ಲ. ಹಿಂಬದಿಯ ನಡುವೆ ದೀರ್ಘಾಯುಷ್ಯದ ಚೀನೀ ಅಕ್ಷರ, ಸುತ್ತ ಚೀನೀ ಮತ್ತು ಮಲಯ ಭಾಷೆಗಳಲ್ಲಿ ‘ಒಂದು ಡಾಲರು’. ತೂಕ ಸುಮಾರು 27 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ. ಕೊಳ್ಳುವವರ ಭಾಷೆಯಲ್ಲೇ ಬರೆದದ್ದು ಜಾಣತನ ಅಂತ ನನಗನಿಸುತ್ತದೆ. ಇದು ಚಲಾವಣೆಗೆ ಬಂತು. ಹಾಂಗ್‌ಕಾಂಗಿನಲ್ಲಿ ರದ್ದಾದದ್ದು 1937ರಲ್ಲಿ.

ಆ ಚಿಕ್ಕ ಮುದ್ರೆಗಳು ಹಾಳು ಮಾಡಿದ ಗುರುತಲ್ಲ. ಅಂಗಡಿಯವರು, ನಾಣ್ಯ ಪರೀಕ್ಷಿಸುವವರು ‘ಬೆಳ್ಳಿ ಸರಿಯಿದೆ’ ಅಂತ ಒತ್ತಿದವು. ಆ ಪರೀಕ್ಷಕರನ್ನು ಅಲ್ಲಿ ಕರೆದದ್ದು ‘ಶ್ರಾಫ್’ ಎಂದು, ನಮ್ಮ ಶರಾಫ ಪದವೇ! ಹಾಂಗ್‌ಕಾಂಗಿನ ಕಾರು ನಿಲ್ದಾಣಗಳಲ್ಲಿ ಹಣ ಕಟ್ಟುವ ಕಿಟಕಿಯ ಮೇಲೆ ಇವತ್ತಿಗೂ ಈ ಹೆಸರಿದೆ.

ಈಗ ನಿಮ್ಮ ಕೆಲಸ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಬೆಲೆ ಇಳಿಯುತ್ತದೆ. ಇಂಥವುಗಳ ನಕಲಿಯೂ ಬೇಕಾದಷ್ಟಿವೆ. ಮೊದಲು ತೂಗಿಸಿ. 27 ಗ್ರಾಂಗೆ ತೀರ ಕಮ್ಮಿ ಬಂದರೆ ಅನುಮಾನಪಡಿ. ಭೂತಗನ್ನಡಿಯಲ್ಲಿ ತ್ರಿಶೂಲದ ನಡು ಮುಳ್ಳು ನೋಡಿ. ಪುಟ್ಟ ಇಂಗ್ಲಿಷ್ ‘ಬಿ’ ಅಕ್ಷರವಿದ್ದರೆ ಅದು ಮುಂಬಯಿಯ ಗುರುತು. ಆಮೇಲೆ ಹಳೆ ನಾಣ್ಯ ಬಲ್ಲವರು ಇಬ್ಬರಿಗೆ ಬೇರೆಬೇರೆಯಾಗಿ ತೋರಿಸಿ. ಅಲ್ಲಿಯವರೆಗೆ ಅಕ್ಕಸಾಲಿಗೆ, “ಗೆಜ್ಜೆ ದೀಪಾವಳಿಗೆ ನೋಡೋಣಪ್ಪ” ಅಂದುಬಿಡಿ.