ಮನೆಗೊಯ್ದ ಮಾತ್ರೆಯ ಲೆಕ್ಕ

ಔಷಧವನ್ನು ಬರೆದುಕೊಡುವುದು ವೈದ್ಯರ ಕೆಲಸ. ಸೇವಿಸುವುದು ರೋಗಿಯ ಕೆಲಸ. ಎರಡನೆಯದು ನಡೆಯಿತೆಂದು ತಿಳಿಯುವ ಬಗೆ ಹೇಗೆ? ಅಫೀಮು, ಹೆರಾಯಿನ್‌ಗಳ ಚಟಕ್ಕೆ ಸಿಕ್ಕಿದವರ ಚಿಕಿತ್ಸೆಯಲ್ಲಿ ಈ ಪ್ರಶ್ನೆ ಬಹು ತೀಕ್ಷ್ಣವಾದುದು.

ಇವರಿಗೆ ಬ್ಯೂಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ಕೊಡುವುದುಂಟು. ಹೆರಾಯಿನ್ ವರ್ತಿಸುವ ಮಿದುಳಿನ ಗ್ರಾಹಕಗಳಲ್ಲಿಯೇ ಇದು ಬಿಗಿಯಾಗಿ ನೆಲೆಸಿ, ಅವನ್ನು ಅರೆಯಾಗಿ ಮಾತ್ರ ಪ್ರಚೋದಿಸುತ್ತದೆ. ಚಡಪಡಿಕೆ ಅಡಗುತ್ತದೆ, ಉಸಿರು ನಿಲ್ಲುವ ಭಯ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಚಿಕಿತ್ಸೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯಬೇಕು.

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವನೊಬ್ಬನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಯನ್ನು ಪಡೆಯುತ್ತಿರುವನೆಂದು ಭಾವಿಸೋಣ. ನಡುವೆ 200 ಕಿಲೋಮೀಟರಿಗೂ ಮೀರಿದ ದಾರಿ. ನಿತ್ಯವೂ ಹೋಗಿ ವೈದ್ಯರೆದುರು ಮಾತ್ರೆ ಸೇವಿಸಿ ಬರುವುದು ಆಗದ ಮಾತು. ಮಾತ್ರೆ ಮನೆಗೆ ಹೋಗಲೇಬೇಕು. ಅದನ್ನು ಅವನು ಮರೆಯಬಹುದು, ಮಾರಬಹುದು, ಕರಗಿಸಿ ಚುಚ್ಚಿಕೊಳ್ಳಬಹುದು; ಮಗುವಿನ ಬಾಯಿಗೆ ಬಿದ್ದರೆ ಪ್ರಾಣಕ್ಕೇ ಸಂಚಕಾರ.

ವಿಜ್ಞಾನವು ಇಲ್ಲಿ ಕೈಕಟ್ಟಿ ಕುಳಿತಿಲ್ಲ. ಮಾತ್ರೆಯಲ್ಲಿ ನಾಲಾಕ್ಸೋನ್ ಎಂಬ ವಸ್ತುವನ್ನು ಬೆರೆಸುತ್ತಾರೆ. ನಾಲಿಗೆಯಡಿ ಇರಿಸಿಕೊಂಡರೆ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಚುಚ್ಚಿಕೊಂಡರೆ ಮತ್ತನ್ನು ತಡೆದು ತೀವ್ರ ಯಾತನೆಯನ್ನುಂಟುಮಾಡಬಲ್ಲದು. ಮೂತ್ರಪರೀಕ್ಷೆ ಇನ್ನೂ ಜಾಣತನದ್ದು. ಸೇವಿಸಿದ ಔಷಧವನ್ನು ಯಕೃತ್ತು ನಾರ್‌ಬ್ಯೂಪ್ರೆನಾರ್ಫಿನ್ ಆಗಿ ಮಾರ್ಪಡಿಸುತ್ತದೆ. ಸೇವಿಸದೆ ಮಾತ್ರೆಯ ಚೂರನ್ನು ಮೂತ್ರದಲ್ಲಿ ಕದಡಿ ತಂದವನ ಸೀಸೆಯಲ್ಲಿ ಮೂಲ ಔಷಧ ಹೇರಳವಾಗಿರುತ್ತದೆ. ಯಕೃತ್ತಿನ ಗುರುತು ಮಾತ್ರ ಕಾಣದು!

ಆದರೆ ಈ ಲೆಕ್ಕವೆಲ್ಲ ಯಾರಿಗಾಗಿ? ತಪ್ಪಿದವನ ಔಷಧವನ್ನು ನಿಲ್ಲಿಸುವುದಕ್ಕಾಗಿ ಎಂಬ ಭಾವನೆ ಹಲವರಲ್ಲಿದೆ. ಇದನ್ನು ನಾವು ಒಪ್ಪಲಾರೆವು. ಔಷಧ ನಿಂತವನು ಹೆರಾಯಿನ್‌ಗೆ ಮರಳುವ ಸಂಭವ ಹೆಚ್ಚು. ಅಷ್ಟರಲ್ಲಿ ದೇಹದ ತಾಳಿಕೆ ಕುಗ್ಗಿರುವುದರಿಂದ, ಹಿಂದೆ ಸಹಿಸುತ್ತಿದ್ದ ಪ್ರಮಾಣವೇ ಅವನನ್ನು ಕೊಲ್ಲಬಹುದು. ತಪ್ಪಿಗೆ ಮರಣದಂಡನೆಯೆ?

ಕ್ಷಯರೋಗದ ಚರಿತ್ರೆ ಬೇರೊಂದು ದಾರಿಯನ್ನು ತೋರುತ್ತದೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗದಲ್ಲಿ ಬಡ ರೋಗಿಗಳಿಗೆ ಮನೆಯಲ್ಲಿಯೇ ಔಷಧ ಕೊಟ್ಟರು. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮಾತ್ರೆಗಳನ್ನು ಎಣಿಸಿದರು, ಮೂತ್ರವನ್ನು ಪರೀಕ್ಷಿಸಿದರು. ತಪ್ಪಿದವರನ್ನು ಹೊರದೂಡದೆ ಚಿಕಿತ್ಸೆಗೆ ಮರಳಿ ಕರೆತರಲು ಶ್ರಮಿಸಿದರು. ಮನೆಯ ಚಿಕಿತ್ಸೆ ಆರೋಗ್ಯಧಾಮದ ಚಿಕಿತ್ಸೆಗೆ ಬಹುತೇಕ ಸಮನೆಂದು 1959ರಲ್ಲಿ ಪ್ರಕಟವಾಯಿತು.

ಮೊದಲು ಕೆಲವೇ ದಿನಗಳ ಮಾತ್ರೆ, ಸ್ಥಿರತೆ ಕಂಡಂತೆ ಹೆಚ್ಚು ದಿನಗಳದು. ತಪ್ಪಿದರೆ ಅವಧಿಯನ್ನು ಕಿರಿದುಮಾಡಿ ಕಾರಣವನ್ನು ಕೇಳುವುದು. ಔಷಧವನ್ನು ಊರಿನ ಸಮೀಪಕ್ಕೇ ತರುವುದು—ಇದು ನಮಗೆ ತೋರುವ ಕ್ರಮ. ಜ್ವರಮಾಪಕವು ಜ್ವರ ಬಂದವನನ್ನು ಶಿಕ್ಷಿಸುವುದಿಲ್ಲ. ಮಾತ್ರೆಯ ಲೆಕ್ಕವೂ ಹಾಗೆಯೇ ಇರತಕ್ಕದ್ದು.