ಉಡಾಕಿನ್ನ ಕೇಳೀರೇನು?

ಇಳಕಲ್ ಸೀರೆಗೆ ಹೊಸ ರೂಪ ಬೇಕಂತೆ. ಬೇಡ ಅಂದವರಾರು? ಬಣ್ಣ ಬದಲಾಗಲಿ, ಗೋಮಿ ದಡಿಯ ಜೊತೆಗೆ ಹೊಸ ದಡಿಯೂ ಬರಲಿ. ಆದರೆ ಅಭಿಪ್ರಾಯ ಕೇಳುವುದು ಯಾರನ್ನ? ವರ್ಷಕ್ಕೊಂದು ಸೀರೆ ಕೊಳ್ಳುವ ದೊಡ್ಡ ಊರಿನವರನ್ನಷ್ಟೇ ಕೇಳಿದರೆ ಸಾಕೆ? ಹುನಗುಂದದ ಎರೆಹೊಲದಾಗ ಇದನ್ನೇ ಉಟ್ಟು ಕಳೆ ತೆಗೆಯುವಾಕಿಗೆ ಬಾಯಿಲ್ಲವೆ?

ನೂಲಿನ ಒಡಲು, ರೇಷ್ಮೆಯ ಕೆಂಪು ಸೆರಗು. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ತೋಪು ತೆನಿಯೇ ಈ ಸೀರೆಯ ಜೀವ. ಅದಕ್ಕಾಗಿ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು. ಹೊತ್ತು ಹಿಡಿಯುವ ಕೆಲಸ. ಹೊಸ ನಮೂನೆಯ ಹೆಸರಲ್ಲಿ ಮೊದಲು ಕೈಬಿಡುವುದು ಇದನ್ನೇ ಆದರೆ ಗತಿಯೇನು? ತೆನಿ ಬಿಟ್ಟು ಉದ್ದ ಹಾಸು ಹೂಡಿ ವಿದ್ಯುತ್ ಮಗ್ಗದಲ್ಲಿ ನೇಯ್ದರೆ ಅಗ್ಗವಾದೀತು, ನಿಜ. ಅಂಥ ಸೀರೆ ಸೂರತ್ತಿನಲ್ಲೂ ಸಿಗುತ್ತದೆ. ಇಳಕಲ್ಲು ಯಾಕೆ ಬೇಕು?

ಹೊಸ ನಮೂನೆಯ ನಾಲ್ಕು ಸೀರೆ ನೇಯಿಸಿ ಬಾದಾಮಿಯ ಬನಶಂಕರಿ ಜಾತ್ರೆಯಾಗ, ಬಾಗಲಕೋಟೆ ಸಂತೆಯಾಗ ಹರವಲಿ. ಹೆಣ್ಣುಮಕ್ಕಳು ಮುಟ್ಟಿ ನೋಡ್ತಾರೆ, ಬಣ್ಣ ಬಿಡ್ತದೇನು ಅಂತ ಕೇಳ್ತಾರೆ, ಮುಲಾಜಿಲ್ಲದೆ ಹೇಳ್ತಾರೆ. ಅದನ್ನು ಬರೆದುಕೊಳ್ಳಲಿ. ಹಾಗೇ ಕುಣಿಮಗ್ಗದಾಗ ಕುಂತವನನ್ನೂ ಕೇಳಲಿ. ಅವನ ಉತ್ತರ ಗೊತ್ತಿದ್ದದ್ದೇ: ರೂಪ ಯಾವುದಾದರೂ ಇರಲಿ, ತೆನಿ ಹಾಕುವ ಕೈಗೆ ತಕ್ಕ ಕೂಲಿ ಕೊಡಿ.