ಹೊಸದನ್ನು ಹಳತು ಮಾಡುವ ಕೂಲಿ

ಹರಿದ ಬಟ್ಟೆಗೆ ಹೊಸ ಬಟ್ಟೆಗಿಂತ ಹೆಚ್ಚು ಬೆಲೆ ತೆರುವ ಕಾಲವಿದು. ಬಡವನ ಮಂಡಿಯ ಮೇಲಿನ ತೂತು ದಾರಿದ್ರ್ಯ. ಅದೇ ತೂತು ಸಿರಿವಂತನ ಮಂಡಿಯ ಮೇಲಿದ್ದರೆ ಫ್ಯಾಷನ್. ನಮ್ಮ ಜವಳಿ ವ್ಯಾಪಾರಿ ಬಂಧುಗಳು ಈ ಸೋಜಿಗವನ್ನು ದಿನವೂ ಅಂಗಡಿಯಲ್ಲೇ ಕಾಣುತ್ತಿದ್ದಾರೆ.

ಜೀನ್ಸ್ ಹುಟ್ಟಿದ್ದು ದುಡಿಯುವವರಿಗಾಗಿ. ಅಮೆರಿಕದ ನೆವಾಡದ ದರ್ಜಿ ಜೇಕಬ್ ಡೇವಿಸ್ ಜೇಬಿನ ಮೂಲೆ ಹರಿಯದಿರಲೆಂದು ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್‌ನೊಡನೆ 1873ರಲ್ಲಿ ಪೇಟೆಂಟ್ ಪಡೆದ. ಹರಿಯಬಾರದೆಂದು ಮಾಡಿದ ಉಡುಪನ್ನು ಹರಿದು ಮಾರುವುದು ನಂತರದವರ ಪಾಂಡಿತ್ಯ.

ಪ್ರಯೋಗ ಮಾಡುವವರನ್ನೆಲ್ಲ ನಾವು ಹಳಿಯುವುದಿಲ್ಲ. ಬೆಲ್ಜಿಯಂನ ಮಾರ್ಟಿನ್ ಮಾರ್ಜೆಲಾ 1988ರಲ್ಲಿ ಜೆನ್ನಿ ಮೈರೆನ್ಸ್ ಎಂಬಾಕೆಯೊಡನೆ ಪ್ಯಾರಿಸಿನಲ್ಲಿ ತೆರೆದ ಸ್ವತಂತ್ರ ಸಂಸ್ಥೆ ಹಳೆಯ ಉಡುಪುಗಳನ್ನು ಬಿಚ್ಚಿ ಹೊಸದಾಗಿ ಹೊಲಿಯಿತು. ಜೀನ್ಸಿಗೆ ಬಿಳಿ ಬಣ್ಣ ಬಳಿದು, ತೊಟ್ಟಂತೆಲ್ಲ ಅದು ಬಿರುಕು ಬಿಟ್ಟು ಒಳಗಿನ ನೀಲಿ ಇಣುಕುವಂತೆ ಮಾಡಿತು. ಉಡುಪಿನ ಪಟ್ಟಿಯಲ್ಲಿ ಹೆಸರಿಲ್ಲ, ನಾಲ್ಕು ಬಿಳಿ ಹೊಲಿಗೆ ಮಾತ್ರ. ಪತ್ರಿಕೆಗಳಿಗೆ ಉತ್ತರಿಸುವಾಗ ‘ನಾನು’ ಎನ್ನದೆ ‘ನಾವು’ ಎನ್ನುತ್ತಿದ್ದರು. ಸಮಾಜವಾದಿಗಳ ಕಿವಿಗೆ ಹಿತವಾದ ಮಾತೇ! ಆದರೆ 2002ರಲ್ಲಿ ಸಂಸ್ಥೆಯ ಹಿಡಿತ ಡೀಸೆಲ್ ಜೀನ್ಸಿನ ಧಣಿ ರೆಂಜೊ ರೋಸೊ ಅವರ ಕೈಸೇರಿತು. 2009ರಲ್ಲಿ ಮಾರ್ಜೆಲಾ ಹೊರನಡೆದರು. ಬಂಡವಳದೆದುರು ಆ ಸ್ವಾತಂತ್ರ್ಯದ ಆಯುಸ್ಸು 14 ವರ್ಷ.

ಬಿಳಿ ಬಳಿದ ಆ ಜೀನ್ಸನ್ನು ಹಳತು ಮಾಡುತ್ತಿದ್ದುದು ತೊಟ್ಟವನ ನಡಿಗೆ. ಸಗಟು ಮಾರುಕಟ್ಟೆಗೆ ಅಷ್ಟು ತಾಳ್ಮೆಯೆಲ್ಲಿ? ಅಂಗಡಿಗೆ ಬರುವ ಮೊದಲೇ ಬಟ್ಟೆ ಸವೆದಿರಬೇಕು. ಅದಕ್ಕೆ ಅಗ್ಗದ ದಾರಿ ಮರಳು. ಗಾಳಿಯ ಒತ್ತಡದಿಂದ ಮರಳನ್ನು ಎರಚಿದರೆ ನಿಮಿಷಗಳಲ್ಲಿ ತೊಡೆ, ಮಂಡಿಯ ನೀಲಿ ಮಾಸುತ್ತದೆ. ತುರ್ಕಿಯಲ್ಲಿ ಗಾಳಿಯಾಡದ ಕೊಠಡಿಗಳಲ್ಲಿ, ಹಳ್ಳಿಗಳಿಂದ ಬಂದ ಹುಡುಗರು ಈ ಕೆಲಸಕ್ಕೆ ನಿಂತರು. ಧೂಳಿನೊಳಗಿನ ಸಿಲಿಕ ಅವರ ಶ್ವಾಸಕೋಶ ಹೊಕ್ಕಿತು. ಕೋಲಾರದ ಚಿನ್ನದ ಗಣಿಯಲ್ಲಿ ನಮ್ಮವರನ್ನು ತಿಂದ ಸಿಲಿಕೋಸಿಸ್ ಇದೇ. ಗಣಿಯಲ್ಲಿ ಬಹುಕಾಲ ದುಡಿದವರಿಗೆ ಬರುತ್ತಿದ್ದ ರೋಗ ಇಲ್ಲಿ ಕೆಲವೇ ವರ್ಷಗಳಲ್ಲಿ ಬಂತು. ಹರೆಯದವರು ಉಸಿರು ಸಾಲದೆ ಸತ್ತರು. ಇದನ್ನು ವಾಸಿ ಮಾಡುವ ಮದ್ದಿಲ್ಲ. 2009ರಲ್ಲಿ ತುರ್ಕಿ ಸರ್ಕಾರ ಈ ಪದ್ಧತಿಯನ್ನು ನಿಷೇಧಿಸಿತು. 2010ರಲ್ಲಿ ಲೀವೈಸ್, ಎಚ್ ಅಂಡ್ ಎಂ ಕಂಪನಿಗಳು ಕೈಬಿಡುವುದಾಗಿ ಸಾರಿದವು. ಅದಾದ ಮೇಲೂ ಬಾಂಗ್ಲಾದೇಶದ ಕಾರ್ಖಾನೆಗಳಲ್ಲಿ ಮರಳು ಹಾರುತ್ತಲೇ ಇತ್ತು.

ಮರಳಿನ ಜಾಗಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಣೆ ಬಂದಿದೆ, ಲೇಸರ್ ಬಂದಿದೆ. ಮೊದಲನೆಯದು ಕಣ್ಣಿಗೆ, ಚರ್ಮಕ್ಕೆ, ಉಸಿರಿಗೆ ಕೇಡು. ಎರಡನೆಯದು ಉಸಿರನ್ನು ಉಳಿಸಿ ಕೂಲಿಯನ್ನು ಕಳೆಯುತ್ತದೆ.

ಇದು ದೂರದೇಶದ ವರ್ತಮಾನವೆಂದು ಸುಮ್ಮನಿರುವಂತಿಲ್ಲ. ಜೀನ್ಸಿಗೆ ಹೆಸರಾದ ಬಳ್ಳಾರಿ ನಮ್ಮಲ್ಲೇ ಇದೆ. ಹೊಲಿಯುವ, ತೊಳೆದು ಬಣ್ಣ ಮಾಸಿಸುವ ಘಟಕಗಳು ಅಲ್ಲಿವೆ. 1948ರ ಕಾರ್ಖಾನೆ ಕಾಯಿದೆಯೇ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದವನ ರೋಗವನ್ನು ವರದಿ ಮಾಡುವವರಾರು? ಪೀಸಿನ ಲೆಕ್ಕದಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರೂ ದಾಖಲಾಗಬೇಕು. ಬಣ್ಣ ಮಾಸಿಸುವ ಕೆಲಸದವರಿಗೆ ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಆಗಬೇಕು. ಅದರ ಖರ್ಚನ್ನು ನಾಲ್ಕು ಮಿಷನ್ ಇಟ್ಟುಕೊಂಡ ಸಣ್ಣ ಘಟಕದವನ ತಲೆಗೆ ಕಟ್ಟಕೂಡದು. ಕಟ್ಟಿದರೆ ಅವನು ಬಾಗಿಲು ಹಾಕುತ್ತಾನೆ, ಆರ್ಡರು ಬೇರೆ ಊರಿಗೆ ಹೋಗುತ್ತದೆ. ಇಂಥ ಮಂಡಿ ಇಷ್ಟೇ ಮಾಸಿರಬೇಕೆಂದು ಬರೆದು ಕಳಿಸುವ ದೊಡ್ಡ ಕಂಪನಿಯೇ ಅದನ್ನು ಭರಿಸಲಿ.